ರಾಸ್ಪ್‌ಬೆರಿ ಪೈ 4ಕ್ಕೆ ಮೂರು ಯುಎಸ್‌ಬಿ ಡಿಸ್ಕ್: ರೇಯ್ಡ್ 5 ನಿಲ್ಲುತ್ತಿಲ್ಲ

ಪ್ರಶ್ನೆ

4 ಟಿಬಿಯ ಮೂರು ಎರಡೂವರೆ ಇಂಚಿನ ಡಿಸ್ಕ್‌ಗಳನ್ನು ನೇರ ಪೈ ಎಂಬ ಪುಟ್ಟ ಕಂಪ್ಯೂಟರಿಗೇ ಚುಚ್ಚಿ, ಎಂಡಿಎಡಿಎಂ ಎಂಬ ಲಿನಕ್ಸ್ ಸಾಧನದಲ್ಲಿ ರೇಯ್ಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಮೂರನ್ನೂ ಸೇರಿಸಿದ ಅರೇ) ಮಾಡಿದೆ. ಮೊದಲ ಸಿಂಕ್ 20% ಮುಟ್ಟುವಷ್ಟರಲ್ಲಿ ಒಂದು ಡಿಸ್ಕ್ ಮಾಯವಾಗುತ್ತದೆ. ಲಿನಕ್ಸ್‌ನಲ್ಲಿ ಎಸ್‌ಡಿಬಿ ಎಂಬ ಹೆಸರಿದ್ದದ್ದು ಎಸ್‌ಡಿಡಿ ಆಗಿ ಮರಳುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ದೋಷವಿಲ್ಲ. ಇಡಬೇಕಾದ್ದು ಮನೆಯ ಫೋಟೊ, ವಿಡಿಯೊ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1

ಮೊದಲು ಕರೆಂಟ್ ನೋಡಿ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು ಸುಮಾರು 1.2 ಆಂಪಿಯರ್. ಇಂಥ ಒಂದೇ ಡಿಸ್ಕ್ ತಿರುಗಲು ಶುರುವಾಗುವಾಗ 1 ಆಂಪಿಯರ್ ಹತ್ತಿರ ಎಳೆಯುತ್ತದೆ. ಮೂರಕ್ಕೆ ಸಾಲುವ ಮಾತೇ ಇಲ್ಲ. 5 ವೋಲ್ಟ್, 4 ಆಂಪಿಯರ್ ಅಡಾಪ್ಟರ್ ಇರುವ ಹಬ್ ಬೇಕು.

ಆಮೇಲೂ ಬಿದ್ದುಹೋದರೆ ಕರ್ನೆಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಯುಎಎಸ್ (ಯುಎಸ್‌ಬಿ ಡಿಸ್ಕ್‌ ಜೊತೆ ವೇಗವಾಗಿ ಮಾತಾಡುವ ವಿಧಾನ) ಅಬಾರ್ಟ್ ಸಾಲುಗಳಿವೆಯೇ ಹುಡುಕಿ. ಇದ್ದರೆ ಡಿಸ್ಕ್ ಡಬ್ಬಿಯೊಳಗೆ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಬ್ರಿಡ್ಜ್ ಚಿಪ್‌ಗೂ ಯುಎಎಸ್ ಡ್ರೈವರ್‌ಗೂ ಹೊಂದಿಕೆಯಿಲ್ಲ ಎಂದರ್ಥ. ಎಲ್‌ಎಸ್‌ಯುಎಸ್‌ಬಿ ಆಜ್ಞೆ ತೋರಿಸುವ ವೆಂಡರ್, ಪ್ರಾಡಕ್ಟ್ ಸಂಖ್ಯೆಗಳನ್ನು ಹಿಡಿದು, ಬೂಟ್ ಸೆಟ್ಟಿಂಗ್‌ಗಳಿರುವ ಸಿಎಂಡಿಲೈನ್ ಫೈಲಿನಲ್ಲಿ ಅವುಗಳೊಂದಿಗೆ ಯುಎಸ್‌ಬಿ-ಸ್ಟೋರೇಜ್ ಕ್ವರ್ಕ್ಸ್ ಸೇರಿಸಿ ಕೊನೆಗೆ ‘ಯು’ (ಯುಎಎಸ್ ಬಳಸಬೇಡ ಎಂದರ್ಥ) ಹಾಕಿ. ಆ ಫೈಲ್ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಎಂಟರ್ ಒತ್ತಿದರೆ ಪೈ ಬೂಟ್ ಆಗದೇ ಹೋಗಬಹುದು. ವೇಗ ಸ್ವಲ್ಪ ತಗ್ಗುತ್ತದೆ, ಡಿಸ್ಕ್ ಮಾತ್ರ ಕೈಕೊಡುವುದಿಲ್ಲ.

ಉತ್ತರ 2

ಕರೆಂಟ್ ಸರಿಹೋದರೂ ಯುಎಸ್‌ಬಿ ಮೇಲೆ ರೇಯ್ಡ್ 5 ಬೇಡವೇ ಬೇಡ. ಒಂದು ಕೇಬಲ್ ಸಡಿಲವಾದರೆ ಅರೇ ಡಿಗ್ರೇಡ್ ಆಗಿ ರಕ್ಷಣೆ ಕಳೆದುಕೊಳ್ಳುತ್ತದೆ, ಇನ್ನೊಂದು ಅಲುಗಿದರೆ ಇಡೀ ಅರೇ ನಿಲ್ಲುತ್ತದೆ. 4 ಟಿಬಿಯ ಎರಡೂವರೆ ಇಂಚಿನ ಡಿಸ್ಕ್‌ಗಳು ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹಾಯಿಸಿದ ಬಗೆ) ಬೇರೆ. ಹೊಸ ಡಿಸ್ಕ್‌ಗೆ ಡೇಟಾ ಮರಳಿ ಕಟ್ಟುವ ರೀಬಿಲ್ಡ್‌ನ ಎಡೆಬಿಡದ ಬರೆತಕ್ಕೆ ಅವು ಏದುಸಿರು ಬಿಡುತ್ತವೆ.

ಬದಲಿಗೆ ಎರಡು ಡಿಸ್ಕ್ ಡೇಟಾಗೆ, ಒಂದು ಪ್ಯಾರಿಟಿಗೆ (ಕಳೆದ ಡೇಟಾವನ್ನು ಮರಳಿ ಲೆಕ್ಕಹಾಕುವ ಮಾಹಿತಿಗೆ) ಇಟ್ಟು, ಸಿಂಕ್ ಓಡಿಸಿದಾಗ ಮಾತ್ರ ಪ್ಯಾರಿಟಿ ಬರೆಯುವ ಸ್ನ್ಯಾಪ್‌ರೇಯ್ಡ್ ಹಾಕಿ. ಮರ್ಜರ್‌ಎಫ್‌ಎಸ್‌ನಿಂದ ಡೇಟಾ ಡಿಸ್ಕ್‌ಗಳೆರಡನ್ನೂ ಒಂದೇ ಫೋಲ್ಡರ್ ಆಗಿ ಕಾಣಿಸಿ. ಮೂರಕ್ಕೂ ಬೇರೆಬೇರೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ. ಪ್ಯಾರಿಟಿ ಡಿಸ್ಕ್‌ನ ರಿಸರ್ವ್ ಜಾಗ 0%, ಡೇಟಾ ಡಿಸ್ಕ್‌ಗಳದ್ದು 2% ಇರಲಿ. ಇಲ್ಲದಿದ್ದರೆ ಡೇಟಾ ಡಿಸ್ಕ್ ತುಂಬುವ ಹೊತ್ತಿಗೆ ಪ್ಯಾರಿಟಿ ಫೈಲಿಗೆ ಜಾಗ ಸಾಲದು. ಎರಡು ಡಿಸ್ಕ್ ಸತ್ತರೂ ಉಳಿದದ್ದು ಡೇಟಾ ಡಿಸ್ಕ್ ಆಗಿದ್ದರೆ ಅದನ್ನು ಯಾವ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದರೂ ಓದಬಹುದು. ಮನೆಯ ಫೋಟೊಗಳ ವಿಷಯದಲ್ಲಿ ನನಗೆ ಇದೇ ದೊಡ್ಡದು.

ಉತ್ತರ 3

ಮೇಲಿನದು ಸರಿ, ಆದರೆ ಸ್ನ್ಯಾಪ್‌ರೇಯ್ಡ್ ರಕ್ಷಣೆ ಕೊನೆಯ ಸಿಂಕ್‌ವರೆಗೆ ಮಾತ್ರ. ಇವತ್ತು ಹಾಕಿದ ಫೋಟೊ ರಾತ್ರಿಯ ಸಿಂಕ್‌ಗೆ ಮೊದಲೇ ಡಿಸ್ಕ್ ಸತ್ತರೆ ಹೋಯಿತು. ಹಾಗಾಗಿ ಸಿಂಕ್ ಮುಗಿಯುವ ತನಕ ಫೋನಿನಿಂದ ಅಳಿಸಬೇಡಿ. ಸಿಂಕ್‌ಗೆ ಮೊದಲು, ಹಿಂದಿನ ಸಿಂಕ್‌ನಿಂದ ಏನು ಬದಲಾಗಿದೆ ಎಂದು ತೋರಿಸುವ ಡಿಫ್ ಓಡಿಸಿ. ನೂರಾರು ಫೈಲ್ ಅಳಿದಂತೆ ತೋರಿದರೆ ಅಲ್ಲೇ ನಿಲ್ಲಿಸಿ, ಯಾಕೆಂದು ನೋಡಿ.

ಇನ್ನು ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆಯುವ ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ ಎಂಬ ಹೆಸರು ಬರೆಯದೆ ಬದಲಾಗದ ಗುರುತಾದ ಯುಯುಐಡಿ ಕೊಡಿ, ನೋಫೇಲ್ ಸೇರಿಸಿ. ಆದರೆ ನೋಫೇಲ್ ಇದ್ದಾಗ ಡಿಸ್ಕ್ ಬಾರದಿದ್ದರೂ ಪೈ ಬೂಟ್ ಆಗುತ್ತದೆ; ಆಗ ಬರೆದದ್ದೆಲ್ಲ ಸದ್ದಿಲ್ಲದೆ ಎಸ್‌ಡಿ ಕಾರ್ಡ್ ತುಂಬುತ್ತದೆ. ಅದಕ್ಕೆ ಮೌಂಟ್ ಮಾಡುವ ಮುನ್ನ ಖಾಲಿ ಫೋಲ್ಡರ್‌ಗೆ ಸಿಎಚ್‌ಅಟರ್ ಪ್ಲಸ್ ಐ (ಬದಲಿಸಲಾಗದಂತೆ ಬೀಗ ಹಾಕುವ ಆಜ್ಞೆ) ಕೊಟ್ಟುಬಿಡಿ. ಡಿಸ್ಕ್ ಇಲ್ಲದಾಗ ಅಲ್ಲಿ ಬರೆಯಲು ಹೋದರೆ ಎರರ್ ಬರುತ್ತದೆ, ವಿಷಯ ಆಗಲೇ ಗೊತ್ತಾಗುತ್ತದೆ.