ಬಡಾವಣೆ ಹಿಂದಿನ 90 ಎಕರೆ ಸೋಲಾರ್: ತಕರಾರು ಅರ್ಜಿ ಹೆಂಗ ಬರೀಬೇಕು

ಅಡ್ಮಿನ್
ಎಲ್ಲಾರಿಗೂ ನಮಸ್ಕಾರ್ರೀ. ಬಡಾವಣೆ ಉತ್ತರಕ್ಕಿರೋ ಸುಮಾರು 90 ಎಕರೆ ಎರಿ ಹೊಲ 20 ಮೆಗಾವ್ಯಾಟ್ ಸೋಲಾರಿಗೆ ಲಾವಣಿ (ಗುತ್ತಿಗೆ) ಆಗಾಕತ್ತದ. ಎನ್‌ಎ (ಕೃಷಿಯೇತರ ಬಳಕೆ) ಅರ್ಜಿ ಡಿಸಿ ಆಫೀಸಿಗೆ ಹೋಗ್ಯದ. ನಿನ್ನಿಯಿಂದ ಬಂದ ಮೆಸೇಜಿನಾಗ ಅರ್ಧ "ವಿರೋಧಿಸೋಣ", ಅರ್ಧ "ಅಭಿವೃದ್ಧಿಗೆ ಅಡ್ಡ ಬರಬ್ಯಾಡ್ರಿ", ಉಳಿದಿದ್ದು ಗುಡ್ ಮಾರ್ನಿಂಗ್. ಇನ್ನ ಮುಂದ ಇಲ್ಲಿ ಕೆಲಸದ್ದಷ್ಟ ಬರೀರಿ.

ಪ್ಲಾಟ್ 31
ಸಾರ್ವಜನಿಕ ಅಹವಾಲು ಸಭೆ ಕರೀತಾರಲ್ರಿ? ಎಲ್ಲಾರೂ ಅಲ್ಲೇ ಹೋಗಿ ಹೇಳಿದ್ರಾತು.

ಪ್ಲಾಟ್ 8, ವಕೀಲರು
ಕರಿಯಂಗಿಲ್ರೀ ಅಣ್ಣಾರ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯೊಳಗ ಸೌರಫಲಕದ ಯೋಜನೆ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕದಾಗೂ ಅದು ಬಿಳಿ ವರ್ಗ (ಮಾಲಿನ್ಯ ತೀರಾ ಕಡಿಮಿ), ಸಮ್ಮತಿಪತ್ರ ಬೇಕಿಲ್ಲ. ಕೂಡಗಿಯಂಥ ಕಲ್ಲಿದ್ದಲ ಸ್ಥಾವರಕ್ಕಿರೋ ದಾರಿ ಇದಕ್ಕಿಲ್ಲ. ನಮ್ಮ ಮಾತು ಕಾಗದದ ಮೇಲೆ ಕೂಡೋ ಬಾಗಿಲು ಮೂರ.

ಮೊದಲನೇದು ಡಿಸಿ ಆಫೀಸು. ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನ ಫೈಲು ಅಲ್ಲದ. ಗಡುವಿನೊಳಗ ಡಿಸಿ ಏನೂ ಹೇಳಲಿಲ್ಲಂದ್ರ ಅನುಮತಿ ಸಿಕ್ಕಂಗನ ಲೆಕ್ಕ, ಅದಕ್ಕ ಈ ವಾರನ ಟಪಾಲಿನಾಗ ಕೊಟ್ಟು ಸ್ವೀಕೃತಿ ಶಿಕ್ಕಾ ಹಾಕಿಸ್ಕೊಳ್ರಿ. ಎರಡನೇದು ನಗರಾಭಿವೃದ್ಧಿ ಪ್ರಾಧಿಕಾರ. ಆ ಹೊಲ ಮಾಸ್ಟರ್ ಪ್ಲ್ಯಾನಿನ ಗಡಿಯೊಳಗ ಇದ್ದು ಕೃಷಿ ವಲಯ ಅಂತಿದ್ರ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಪ್ರಕಾರ ಭೂಬಳಕೆ ಬದಲಾವಣೆಗೆ ಪೇಪರಿನಾಗ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ದಿನಾ ಸಣ್ಣಕ್ಷರದ ಜಾಹೀರಾತು ನೋಡೋ ಕೆಲಸ ಒಬ್ಬರು ಹೊರ್ರಿ. ಮೂರನೇದು ಗ್ರಾಮ ಪಂಚಾಯತಿ. ಯಂತ್ರ ಕೂಡ್ರಿಸಾಕ ಪಂಚಾಯತ್ ರಾಜ್ ಕಾಯ್ದೆ 1993ರ 66ನೇ ಕಲಮಿನಾಗ ಅನುಮತಿ ಕೇಳಬೇಕಾಗ್ತದ. ಆದ್ರ ನಮ್ಮ ಬಡಾವಣೆ ಮಹಾನಗರ ಪಾಲಿಕೆಯೊಳಗ, ಹೊಲ ಪಂಚಾಯತಿಯೊಳಗ. ಗ್ರಾಮಸಭೆಯೊಳಗ ನಮ್ಮ ಮಾತು ನಡ್ಯಂಗಿಲ್ಲ. ಆ ಊರ ಮತದಾರರ ಠರಾವು ಬೇಕು, ಅಂದ್ರ ರೈತರನ್ನ ಬಿಟ್ಟು ಏನೂ ಆಗಂಗಿಲ್ಲ.

ಪ್ಲಾಟ್ 22, ಮೋಜಣಿ ಖಾತೆ ನಿವೃತ್ತರು
"ಕೃಷಿ ಭೂಮಿ ಉಳಿಸಿ" ಅಂತ ಬರೆದ ಅರ್ಜಿಗೆ "ಪರಿಶೀಲಿಸಲಾಗಿದೆ" ಅಂತ ಒಂದ ಸಾಲು ಬರ್ತದ. ಸರ್ವೆ ನಂಬರ್ ಹಾಕಿ ಬರೆದ್ರ ಸ್ಥಳಕ್ಕ ಬಂದು ನೋಡಲೇಬೇಕಾಗ್ತದ.

ಏನು ತಗೀಬೇಕಂದ್ರ: ಗ್ರಾಮ ನಕಾಶೆ, ಪ್ರತಿ ಸರ್ವೆ ನಂಬರಿನ ಉತಾರ (ಪಹಣಿ) ಮತ್ತ ಟಿಪ್ಪಣಿ (ಮೂಲ ಅಳತಿ ದಾಖಲೆ). ಉತಾರದ 3ನೇ ಕಾಲಮಿನಾಗ ಖರಾಬು ಎರಡು ನಮೂನಿ ಇರ್ತದ. ಎ ಖರಾಬು ಮಾಲೀಕರ ಹಕ್ಕಿಂದು, ಬೇಸಾಯಕ್ಕ ಬರದ್ದು. ಬಿ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನ ಲಾವಣಿ ಕೊಡಾಕ ಬರಂಗಿಲ್ಲ, ಬೇಲಿಯೊಳಗ ಸೇರಿಸಾಕ ಬರಂಗಿಲ್ಲ. ನಮ್ಮ ಬಡಾವಣೆ ಹಿಂದಿನ ಗಟಾರಕ್ಕ ಬರೋ ನೀರು ಆ ಹೊಲದ ಹಳ್ಳದಿಂದನ ಬರೋದು. ಬಂಡಿದಾರಿನೂ ಅಲ್ಲೇ ಹಾದದ. ಕಂಪನಿ ನಕ್ಷೆ ಒಂದ ಆಯತಾಕಾರ, ಸುತ್ತಲೂ ಬೇಲಿ. ಹಳ್ಳ ಎಲ್ಲಿ ಹೋತು ಅಂತ ಕೇಳೋದ ನಮ್ಮ ಅರ್ಜಿಯ ಬೆನ್ನೆಲುಬು ಆಗಲಿ.

ದಿಶಾಂಕ್ ಆ್ಯಪಿನಾಗ ನಿಂತ ಜಾಗದ ಸರ್ವೆ ನಂಬರ್ ಸಿಗ್ತದ, ಗುರುತಿಗೆ ಸಾಕು. ಗಡಿಗೆ ಮಾತ್ರ ಅದನ್ನ ನಂಬಬ್ಯಾಡ್ರಿ, ಹದ್ದಬಸ್ತು (ಸರ್ಕಾರಿ ಗಡಿ ಅಳತಿ) ಅರ್ಜಿನ ಹಾಕಬೇಕು.

ಪ್ಲಾಟ್ 5
ಸರ್, ಫಲಕದ ಮೇಲೆ ಬಿದ್ದ ಮಳಿ ಪೂರಾ ನಮ್ಮ ಮನಿ ಕಡೆ ಹರೀತದೇನ್ರಿ? ಅಷ್ಟೊಂದು ಗಾಜು!

ಪ್ಲಾಟ್ 17, ಸೋಲಾರ್ ಎಂಜಿನಿಯರ್
ಗಾಜಿನ ಸಮಸ್ಯೆ ಅಲ್ರೀ ಅಕ್ಕಾರ, ನೆಲದ್ದು. 20 ಮೆಗಾವ್ಯಾಟ್ ಕರೆಂಟ್ ಹೊರಗ ಕೊಡಾಕ 26 ಮೆಗಾವ್ಯಾಟಿನಷ್ಟು ಫಲಕ ಹಾಕ್ತಾರ ಅಂತ ಹಿಡೀರಿ. 540 ವ್ಯಾಟಿಂದು ಸುಮಾರು 48,000 ಫಲಕ. ಒಂದೊಂದು 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ಎಲ್ಲಾ ಕೂಡಿಸಿದ್ರೂ ಮುಚ್ಚೋದು 30 ಎಕರೆ ಚಿಲ್ಲರ, ಹೊಲದ ಮೂರನೇ ಒಂದು ಪಾಲು. ಫಲಕದ ಕೆಳಗಿನ ಮಣ್ಣು ಬಿಗಿಯಾಗದಿದ್ರ ನೀರು ಮೊದಲಿನಂಗನ ಇಂಗ್ತದ.

ಕೆಡೋದು ಮೂರು ಕಡೆ. ಡೋಜರ್ ಹಾಕಿ ಒಡ್ಡೆಲ್ಲಾ ಕಿತ್ತು ನೆಲ ಸಪಾಟ ಮಾಡ್ತಾರ, ನೀರು ತಡಿಯೋದು ಏನೂ ಉಳ್ಯಂಗಿಲ್ಲ. ಎರಿ ಮಣ್ಣಿನಾಗ ಮಳಿಗಾಲಕ್ಕ ಗಾಡಿ ಹೋಗಂಗಿಲ್ಲಂತ ಗರಸು ಹಾಕಿ ಏರಿಸಿ ರಸ್ತೆ ಮಾಡ್ತಾರ, ಕೆಳಗ ಪೈಪು ಇಡದಿದ್ರ ಅದು ಒಡ್ಡಾಗಿ ನೀರನ್ನ ಒಂದ ಕಡೆ ತಿರುಗಿಸ್ತದ. ಫಲಕದ ಕೆಳ ಅಂಚಿನಿಂದ ನೀರು ಒಂದ ಗೆರಿಯೊಳಗ ಬಿದ್ದು ಕೊರಕಲು ಬೀಳ್ತದ, ಮಣ್ಣು ಹಳ್ಳ ಸೇರ್ತದ.

90 ಎಕರೆ ಮೇಲೆ 50 ಮಿಲಿಮೀಟರ್ ಮಳಿ ಅಂದ್ರ 1.8 ಕೋಟಿ ಲೀಟರ್ ನೀರು. ಅರ್ಧ ಹರಿದ್ರೂ 90 ಲಕ್ಷ. 30×30 ಮೀಟರ್, 3 ಮೀಟರ್ ಆಳದ ಕೃಷಿಹೊಂಡಕ್ಕ ಬದಿ ಇಳಿಜಾರು ಕಳೆದು ಸುಮಾರು 20 ಲಕ್ಷ ಲೀಟರ್ ಹಿಡೀತದ. ಅಂಥವು ನಾಕೈದು ಕೇಳ್ರಿ, ಹಳ್ಳ ಹೊಲದಿಂದ ಹೊರಬೀಳೋ ಮುಂಚೆ. ಜೊತಿಗೆ ಅರ್ಧ ಮೀಟರ್ ಅಂತರದ ಸಮಪಾತಳಿ ನಕ್ಷೆ (ನೆಲದ ಏರು-ತಗ್ಗು ತೋರಿಸೋದು), ಕೆಲಸಕ್ಕ ಮುಂಚಿಂದು ಒಂದು, ನಂತರದ್ದು ಒಂದು. ಎರಡನೇದು ಕೇಳದಿದ್ರ ಮೊದಲನೇದಕ್ಕ ಅರ್ಥ ಇಲ್ಲ.

ಪ್ಲಾಟ್ 5
ತೊಳ್ಯಾಕ ನೀರು ಎಲ್ಲಿಂದ ತರ್ತಾರ? ನಮ್ಮ ಬೋರು ಮಾರ್ಚಿಗೆ ಕೈ ಕೊಡ್ತಾವ.

ಪ್ಲಾಟ್ 17, ಸೋಲಾರ್ ಎಂಜಿನಿಯರ್
ಫಲಕಕ್ಕ 2 ಲೀಟರ್ ಹಿಡಿದ್ರ ಒಮ್ಮೆ ತೊಳ್ಯಾಕ 96,000 ಲೀಟರ್, 5,000 ಲೀಟರಿನ 20 ಟ್ಯಾಂಕರ್. ತಿಂಗಳಿಗೆ ಎರಡ ಸಲ, ಒಣ ತಿಂಗಳು ಎಂಟು, ಅಂದ್ರ 15 ಲಕ್ಷ ಲೀಟರ್. ಒಂದು ಹೊಂಡದ ನೀರು. ಬೋರಿನ ಗಡಸು ನೀರು ಹಾಕಿದ್ರ ಗಾಜಿನ ಮೇಲೆ ಬಿಳಿ ಕಲಿ ಕೂಡ್ತದ, ಉತ್ಪಾದನೆ ಇಳೀತದ. ಮಳಿನೀರು ಮೆದು, ಸೋಸಿದ್ರ ಸಾಕು. ಆವಿ ಹೋಗೋ ಲೆಕ್ಕಕ್ಕ ಎರಡು ಹೊಂಡ ಹಿಡೀರಿ, ತಾಡಪತ್ರಿ ಹಾಸಿರಬೇಕು. ಪ್ರವಾಹಕ್ಕ ಕೇಳೋ ಹೊಂಡನ ಇದಕ್ಕೂ ಆಗ್ತದ, ಕಂಪನಿಗೂ ಲಾಭ. ಹೊಸ ಬೋರ್ ಹೊಡ್ಯಂಗಿಲ್ಲ ಅನ್ನೋ ಷರತ್ತು ಎನ್‌ಎ ಆದೇಶದಾಗನ ಬರಲಿ.

ಪಕ್ಕದೂರ ರೈತರು, ಅಡ್ಮಿನ್ ಸೇರಿಸಿದ್ದು
ನೀವು ಪ್ಲಾಟ್ ಮಾಡಿದ ಜಾಗಾನೂ ಮೊದಲ ಜ್ವಾಳದ ಹೊಲನ ಐತ್ರಿ. ಮಳಿ ಕೈಕೊಟ್ರ ಕಡ್ಲಿ, ತೊಗರಿ ಎರಡೂ ಹೋಗ್ತಾವು. ವರ್ಷಾ ಲಾವಣಿ ರೊಕ್ಕ ಬರತೈತಿ ಅಂದ್ರ ಬ್ಯಾಡ ಅನ್ನಾಕ ನಮಗ ಆಗಂಗಿಲ್ಲ.

ಪ್ಲಾಟ್ 8, ವಕೀಲರು
ಬ್ಯಾಡ ಅನ್ರಿ ಅಂತ ಯಾರೂ ಹೇಳಂಗಿಲ್ಲ ಗೌಡ್ರ. ಸಹಿ ಮಾಡೋ ಮುಂಚೆ ನಾಕ ಮಾತು ನೋಡ್ಕೊಳ್ರಿ.

ಪಾವಗಡದ ಸೋಲಾರ್ ಪಾರ್ಕಿನಾಗ ಎಕರೆಕ್ಕ ವರ್ಷಕ್ಕ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5% ಏರಿಕೆ, 28 ವರ್ಷ ಅಂತ ಆಗಿತ್ತು. ಲೆಕ್ಕ ಹಾಕಿದ್ರ 28ನೇ ವರ್ಷ ಸುಮಾರು 39,600. ಅದ 5% ವರ್ಷಾ ಏರಿದ್ರ 78,000 ದಾಟ್ತದ. ಮೊದಲ ವರ್ಷದ ರೊಕ್ಕಕ್ಕ ಚೌಕಾಸಿ ಮಾಡೋಕಿಂತ ಏರಿಕೆ ಮಾತಿಗೆ ಗಟ್ಟಿ ಕೂಡ್ರಿ.

ಕೃಷಿ ಜಮೀನಿದ್ದಾಗ ಲಾವಣಿಗೆ ಭೂಸುಧಾರಣೆ ಕಾಯ್ದೆ 1961ರ 5ನೇ ಕಲಂ ಅಡ್ಡ ಬರ್ತದ, ಎನ್‌ಎ ಆಗೋ ಮುಂಚೆ ಬಾಂಡಿನ ಮೇಲೆ ಕರಾರು ಬ್ಯಾಡ. ಒಂದು ವರ್ಷಕ್ಕಿಂತ ಹೆಚ್ಚಿನ ಲಾವಣಿ ಸಬ್‌ರಜಿಸ್ಟ್ರಾರ್ ಕಡೆ ನೋಂದಣಿ ಆಗಲೇಬೇಕು. ಉತಾರದ 11ನೇ ಕಾಲಮಿನಾಗ ಸೊಸೈಟಿ, ಬ್ಯಾಂಕಿನ ಬೋಜಾ (ಸಾಲದ ನಮೂದು) ಇದ್ರ ಮೊದಲ ತೆಗೆಸ್ರಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇದ್ರ 1978ರ ಕಾಯ್ದೆ ಪ್ರಕಾರ ಲಾವಣಿನೂ ಪರಭಾರೆನ. ಸರ್ಕಾರದ ಅನುಮತಿ ಇಲ್ಲದ್ದು ಊರ್ಜಿತ ಆಗಂಗಿಲ್ಲ. ಎನ್‌ಎ ಆದಮ್ಯಾಲೆ ಬೆಳೆಸಾಲ ನಿಲ್ತದ, ಲಾವಣಿ ರೊಕ್ಕ ಕೃಷಿ ಆದಾಯ ಅಲ್ಲ, ತೆರಿಗೆ ಲೆಕ್ಕಕ್ಕ ಬರ್ತದ.

ಕರಾರು ಮುಗಿದಮ್ಯಾಲೆ ಕಂಬ ಕಿತ್ತು, ಸಿಮೆಂಟ್ ತೆಗೆದು, ಒಡ್ಡು ಹಾಕಿ ಕೊಡೋದು ಅವರ ಕೆಲಸ, ಅದಕ್ಕ ಈಗನ ಬ್ಯಾಂಕ್ ಗ್ಯಾರಂಟಿ. ಹಳೇ ಫಲಕ ಇ-ತ್ಯಾಜ್ಯ ನಿಯಮ 2022ರೊಳಗ ಬರ್ತಾವ, ಹೊಲದಾಗ ಹೂಳಾಕ ಬರಂಗಿಲ್ಲ.

ಪಕ್ಕದೂರ ರೈತರು
ಕಂಬ ಎಷ್ಟು ಆಳ ಹುಗೀತಾರ್ರಿ? ಮುಂದ ರಂಟಿಗೆ ಸಿಗಬಾರದಲ್ಲ.

ಪ್ಲಾಟ್ 17, ಸೋಲಾರ್ ಎಂಜಿನಿಯರ್
ಎರಿ ಮಣ್ಣು ಬ್ಯಾಸಿಗ್ಯಾಗ ಬಿರಿದು ಮಳಿಗಾಲಕ್ಕ ಉಬ್ಬತದ. ಮ್ಯಾಲಿಂದ ಮ್ಯಾಲೆ ಹುಗಿದ ಕಂಬ ಎದ್ದು ಬರ್ತದ, ಸಾಲು ಸೊಟ್ಟಾಗಿ ಗಾಜು ಸೀಳ್ತದ. ಅದಕ್ಕ ಒಂದೂವರೆಯಿಂದ ಎರಡು ಮೀಟರ್ ಕೊರೆದು ಕಾಂಕ್ರೀಟ್ ತುಂಬ್ತಾರ. ಕರಾರಿನಾಗ "ನೆಲಮಟ್ಟದವರೆಗೆ ತೆರವು" ಅಂತಿದ್ರ ಒಪ್ಪಬ್ಯಾಡ್ರಿ. "ಪೂರ್ತಿ ಕಿತ್ತು" ಅಂತಿರಲಿ. ಹುಲ್ಲಿಗೆ ಔಷಧ ಹೊಡ್ಯೋ ಬದಲು ಕುರಿ ಬಿಡ್ರಿ ಅಂತನೂ ಕೇಳಬಹುದು. ಆಡು ಮಾತ್ರ ಬ್ಯಾಡ, ಫಲಕ ಹತ್ತತಾವ.

ಪ್ಲಾಟ್ 31
ಲೈನ್ ನಮ್ಮ ರಸ್ತೆ ಮೇಲೆ ಎಳೀತಾರಂತ ಸುದ್ದಿ.

ಪ್ಲಾಟ್ 17, ಸೋಲಾರ್ ಎಂಜಿನಿಯರ್
ಈ ಅಳತಿಗೆ 33 ಕೆವಿ ಲೈನ್ ಬರೋ ಸಾಧ್ಯತೆ ಹೆಚ್ಚು. ಕಟ್ಟಡಕ್ಕ ಅಡ್ಡ ಅಂತರ ಕನಿಷ್ಠ 2 ಮೀಟರ್, ಮಾಳಿಗೆ ಮೇಲೆ 3.7, ರಸ್ತೆ ದಾಟೋ ಕಡೆ 6.1. ಇವತ್ತಿನ ಮನಿ ಅಷ್ಟ ಅಲ್ಲ, ನಾಳೆ ಮ್ಯಾಲೆ ಕಟ್ಟೋ ಮಹಡಿನೂ ಲೆಕ್ಕ ಹಿಡೀರಿ. ಲೈನಿನ ದಾರಿ ನಕ್ಷೆ ಹೆಸ್ಕಾಂ ಕಡೆ ಕೇಳ್ರಿ.

ಪ್ಲಾಟ್ 8, ವಕೀಲರು
ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದ ದಾಟಬಾರದು. ಎನ್‌ಎ ಫೈಲಿಗೊಂದು, ಲೈನಿಗೊಂದು, ಪಂಚಾಯತಿಗೊಂದು ಬ್ಯಾರೆ ಬ್ಯಾರೆ ಹಾಕ್ರಿ.

ಪ್ಲಾಟ್ 40
ಗ್ರಾಮ ನಕಾಶೆ, ಉತಾರ ಕೈಗೆ ಬಂದಾವ, ಫೋಟೋ ಹಾಕೀನಿ. ಹಳ್ಳ ಒಂದು ನಂಬರಿನ ನಟ್ಟನಡುವ ಹಾದದ. ಆದ್ರ ಅದರ ಉತಾರದಾಗ ಬಿ ಖರಾಬು ಸೊನ್ನೆ ಅದ್ರಿ.

ಪ್ಲಾಟ್ 22, ಮೋಜಣಿ ಖಾತೆ ನಿವೃತ್ತರು
ಉತಾರ ಒಂದ ನೋಡಿ ಕೈಬಿಡಬ್ಯಾಡ್ರಿ. ಗಣಕೀಕರಣದಾಗ ಖರಾಬು ಬಿಟ್ಟುಹೋದದ್ದು ಇರ್ತದ. ಭೂದಾಖಲೆ ಆಫೀಸಿನಾಗ ಆ ನಂಬರಿನ ಆಕಾರಬಂದ್ (ಕ್ಷೇತ್ರ, ಖರಾಬಿನ ಮೂಲ ಪಟ್ಟಿ) ನಕಲು ತಗೀರಿ, ಖರಾಬಿನ ಗುಂಟೆ ಅದರಾಗ ಇದ್ರ ಉತಾರ ತಿದ್ದುಪಡಿ ಅರ್ಜಿ ಮೊದಲು, ತಕರಾರು ಅದರ ಬೆನ್ನಿಗೆ. ಸೋಮವಾರ 11ಕ್ಕ ನಾನೂ ಬರ್ತೀನಿ, ಮೂಲ ಟಿಪ್ಪಣಿನೂ ಕೇಳೋಣು.