‘ಹಣಕಾಸು ನೀತಿ’ ಯಾರದ್ದು: ಸರ್ಕಾರದ್ದೋ, ರಿಸರ್ವ್ ಬ್ಯಾಂಕಿನದ್ದೋ?

ಬಲ್ಲವರಿಗೆ ನಮಸ್ಕಾರ.

ರೆಪೊ ದರ ಬದಲಾದ ಮರುದಿನ ಪತ್ರಿಕೆಗಳಲ್ಲಿ ರಿಸರ್ವ್ ಬ್ಯಾಂಕಿನ ‘ಹಣಕಾಸು ನೀತಿ ಸಮಿತಿ’ಯ ಸುದ್ದಿ. ಬಜೆಟ್ ಮಂಡಿಸುವವರು ‘ಹಣಕಾಸು ಸಚಿವರು’. ಎರಡೂ ಒಂದೇ ಮನೆಯ ವ್ಯವಹಾರ ಎಂದು ಓದುಗ ತಿಳಿದರೆ ತಪ್ಪು ಅವನದಲ್ಲ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ನೀತಿಗಳು: ಬಡ್ಡಿ ದರ, ಹಣದ ಹರಿವು ರಿಸರ್ವ್ ಬ್ಯಾಂಕಿನ ‘ಮಾನಿಟರಿ’ ನೀತಿಗೆ ಸೇರಿದ್ದು. ತೆರಿಗೆ, ಖರ್ಚು, ಸಾಲ ಸರ್ಕಾರದ ‘ಫಿಸ್ಕಲ್’ ನೀತಿಗೆ. ಕೊರತೆಯ ಮಾತು ಬಂದಾಗ ‘ವಿತ್ತೀಯ’ ಎನ್ನುತ್ತೇವೆ, ನಿಜ. ಆದರೆ ವಿತ್ತ ಎಂದರೂ ಹಣವೇ ತಾನೆ?

ಈ ವ್ಯತ್ಯಾಸ ನೋಟಿನ ಮೇಲೇ ಅಚ್ಚಾಗಿದೆ. ಒಂದು ರೂಪಾಯಿ ನೋಟಿನಲ್ಲಿ ಭಾರತ ಸರ್ಕಾರದ ಹೆಸರು, ಹಣಕಾಸು ಕಾರ್ಯದರ್ಶಿಯ ಸಹಿ. ಕೊಡುತ್ತೇನೆಂಬ ವಚನ ಇಲ್ಲ. ಹತ್ತರ ನೋಟಿನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರರ ಸಹಿಯೂ ಇದೆ, ವಚನವೂ ಇದೆ. 1861ರ ಕಾಯ್ದೆ ನೋಟು ಹೊರಡಿಸುವ ಹಕ್ಕನ್ನು ಬಂಗಾಳ, ಬಾಂಬೆ, ಮದ್ರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳಿಂದ ಕಿತ್ತು ಸರ್ಕಾರಕ್ಕೆ ಕೊಟ್ಟಿತು. 1935ರಲ್ಲಿ ರಿಸರ್ವ್ ಬ್ಯಾಂಕ್ ಹುಟ್ಟಿದ ಮೇಲೆ ಅದು ಬ್ಯಾಂಕಿನ ಪಾಲಾಯಿತು. ಆದರೂ ದೆಹಲಿಗೆ ಹಳೆಯ ಚಾಳಿ ಬಿಡಲಿಲ್ಲ: ತಾತ್ಕಾಲಿಕ ಖಜಾನೆ ಹುಂಡಿ (ಅಲ್ಪಾವಧಿಯ ಸಾಲಪತ್ರ) ಬರೆದುಕೊಟ್ಟರೆ ಸಾಕು, ಬ್ಯಾಂಕು ಹೊಸ ಹಣ ಸೃಷ್ಟಿಸಿ ಕೊಡುತ್ತಿತ್ತು. 1997ರ ಏಪ್ರಿಲ್‌ನಿಂದ ಅದು ನಿಂತು, ಮಿತಿಯುಳ್ಳ ಅಲ್ಪಾವಧಿ ಮುಂಗಡ ಮಾತ್ರ ಉಳಿಯಿತು. ಸರ್ಕಾರದ ಹೊಸ ಸಾಲಪತ್ರಗಳನ್ನು ಬ್ಯಾಂಕು ನೇರವಾಗಿ ಕೊಳ್ಳುವುದಕ್ಕೂ ಸರ್ಕಾರದ ಸಾಲ, ಕೊರತೆಗಳಿಗೆ ಕಡಿವಾಣ ಹಾಕುವ 2003ರ ಕಾಯ್ದೆಯ ಪ್ರಕಾರ 2006ರಿಂದ ತಡೆ ಬಿತ್ತು (ವಿಶೇಷ ಸಂದರ್ಭಗಳ ವಿನಾಯಿತಿ ಬೇರೆ ಮಾತು). ಇನ್ನೇನಿದ್ದರೂ ತೆರಿಗೆ ಏರಿಸಬೇಕು, ಖರ್ಚು ಕಡಿಯಬೇಕು, ಇಲ್ಲವೇ ಮಾರುಕಟ್ಟೆಯಲ್ಲಿ ಸಾಲ ಎತ್ತಬೇಕು. ಇದನ್ನು ಈಗಿನ ಪದಗಳಲ್ಲಿ ಬರೆಯಲು ಕುಳಿತರೆ ‘ಹಣಕಾಸು ನೀತಿಯು ಹಣಕಾಸು ನೀತಿಯ ಹಿಡಿತದಿಂದ ಬಿಡಿಸಿಕೊಂಡಿತು’ ಎಂಬ ವಾಕ್ಯ ಹುಟ್ಟುತ್ತದೆ!

ಫಿಸ್ಕಲ್‌ಗೆ ಕೆಲವರು ಬಳಸುವ ‘ರಾಜಕೋಶೀಯ’ ಹಿಂದಿಯಿಂದ ಎತ್ತಿದ್ದು. ‘ಕೋಶೀಯ’ ಎಂದರೆ ನನಗೆ ಜೀವಶಾಸ್ತ್ರದ ಪಾಠ ನೆನಪಾಗುತ್ತದೆ. ನನ್ನ ಒಲವು ‘ಬೊಕ್ಕಸ ನೀತಿ’ಯ ಕಡೆಗೆ. ಫಿಸ್ಕಲ್‌ಗೆ ಮೂಲವಾದ ಲ್ಯಾಟಿನ್ನಿನ ಫಿಸ್ಕಸ್ ಮೊದಲು ಬುಟ್ಟಿ, ಆಮೇಲೆ ರೋಮ್ ಚಕ್ರವರ್ತಿಯ ಬೊಕ್ಕಸ. ‘ಬೊಕ್ಕಸಕ್ಕೆ ನಷ್ಟ’ ಎಂದು ದಿನಬೆಳಗಾದರೆ ಬರೆಯುವ ನಮಗೆ ಅದೇನೂ ಅಪರಿಚಿತವಲ್ಲ. ಮಾನಿಟರಿಗೆ ‘ಹಣನೀತಿ’ ಸಾಕು.

ತೊಡಕು ಒಂದಿದೆ. ‘ಬೊಕ್ಕಸದ ಕೊರತೆ’ ಎಂದರೆ ಖಜಾನೆ ಬರಿದಾಗಿದೆ ಎಂದು ಕೇಳಿಸುತ್ತದೆ. ಆದರೆ ಫಿಸ್ಕಲ್ ಡೆಫಿಸಿಟ್ ಎಂದರೆ, ಸಾಲದ ಹಣ ಬಿಟ್ಟು ಉಳಿದ ಜಮೆಗಿಂತ ಖರ್ಚು ಎಷ್ಟು ಹೆಚ್ಚು ಎಂಬ ಲೆಕ್ಕ. ಇದಕ್ಕೆ ಒಪ್ಪುವ ಪದ ಯಾರಿಗಾದರೂ ಹೊಳೆಯುತ್ತದೆಯೇ? ಹಳೆಯ ಮೈಸೂರು ಸಂಸ್ಥಾನದ ಆಯವ್ಯಯ ಕಡತಗಳನ್ನು ನೋಡಿದವರಿದ್ದರೆ, ಅಲ್ಲಿ ಏನೆಂದು ಬರೆಯುತ್ತಿದ್ದರು ಎಂಬುದನ್ನೂ ದಯವಿಟ್ಟು ತಿಳಿಸಿ.