ಬರೇಸಿ ನಿಜವಾಗಲೂ ಅಷ್ಟು ದೊಡ್ಡ ಡಿಫೆಂಡರಾ? ವಿಡಿಯೊದಲ್ಲಿ ಏನೂ ಕಾಣಿಸುತ್ತಿಲ್ಲ

ಕುಳ್ಳ ಸ್ಟಾಪರ್:

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜು ತಂಡದಲ್ಲಿ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್ ಆಗಿ ಆಡುತ್ತೇನೆ. ಎತ್ತರ ಐದಡಿ ಎಂಟಿಂಚು. ಈ ಎತ್ತರ ಸ್ಟಾಪರ್‌ಗೆ ಸಾಲದು, ಸೈಡ್ ಬ್ಯಾಕ್‌ಗೆ ಹೋಗು ಅಂತ ನಮ್ಮ ಕೋಚ್ ಹೇಳುತ್ತಿದ್ದಾರೆ. ಸೀನಿಯರ್ ಒಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. "ಇಟಲಿಯ ಹಳೇ ಡಿಫೆಂಡರ್ ಫ್ರಾಂಕೊ ಬರೇಸಿ ಆಟ ನೋಡು, ಅವನೇನು ಭಾರಿ ಎತ್ತರದವನಲ್ಲ" ಅಂದರು.

ಯೂಟ್ಯೂಬ್‌ನಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿದೆ. ಒಂದಷ್ಟು ಸ್ಲೈಡಿಂಗ್ ಟ್ಯಾಕಲ್, ಹಿಂದೆ ಸಂಗೀತ, ಅಷ್ಟೆ. ಈಗಿನವರು ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ ಅನಿಸಿತು. 1994ರ ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿಯನ್ನು ಆಕಾಶಕ್ಕೆ ಬೇರೆ ಹೊಡೆದಿದ್ದಾರೆ. ಅದೇ ತಂಡದ ಡಿಫೆಂಡರ್ ಮಾಲ್ದಿನಿಯನ್ನು ಹೊಗಳಿದರೆ ಅರ್ಥ ಆಗುತ್ತದೆ. ಬರೇಸಿಯನ್ನು ಯಾಕೆ?

ಸಾನ್ ಸಿರೊ ಮೂಲೆ:

719 ಪಂದ್ಯ, 20 ಸೀಸನ್, ಒಂದೇ ಕ್ಲಬ್, ಇಟಲಿಯ ಎಸಿ ಮಿಲಾನ್. 1997ರಲ್ಲಿ ಅವರು ಬೂಟು ಕಳಚಿದ ಮೇಲೆ ಮಿಲಾನ್ 6ನೇ ನಂಬರ್ ಜೆರ್ಸಿಯನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್‌ನಲ್ಲಿ 1989ರಲ್ಲಿ ತಮ್ಮದೇ ತಂಡದ ಸ್ಟ್ರೈಕರ್ ವಾನ್ ಬಾಸ್ಟನ್ ನಂತರ ಎರಡನೇ ಸ್ಥಾನ. ಡಿಫೆಂಡರ್‌ಗೆ ಇದೆಲ್ಲ ಸುಮ್ನೆ ಸಿಗುತ್ತದಾ?

ಹಳೇ ಟೇಪು:

ಮೇಲಿನವರು ಪ್ರಶಸ್ತಿ ಪಟ್ಟಿ ಕೊಟ್ಟರು, ಸರಿ. ಆದರೆ ಹುಡುಗ ಕೇಳಿದ್ದು ಆಟದಲ್ಲಿ ಏನಿದೆ ಅಂತ, ಅಲ್ವಾ?

ತಮ್ಮಾ, ಹೈಲೈಟ್ಸ್ ನೋಡಿ ಬರೇಸಿಯನ್ನು ಅಳೆಯಲು ಆಗುವುದಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅವನ ಕೆಲಸ ಚೆಂಡು ಬರುವ ಮೊದಲೇ ಮುಗಿದಿರುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವವರ ಹಾಗೆ. ಹೈಲೈಟ್ಸ್‌ನಲ್ಲಿ ನಿನಗೆ ಕಂಡ ಸ್ಲೈಡಿಂಗ್ ಟ್ಯಾಕಲ್ ಎಲ್ಲ ಟವೆಲ್ ಹಾಕಲು ತಡವಾದಾಗ ಮಾಡಿದ್ದು.

ಪೂರ್ತಿ ಪಂದ್ಯ ಹಾಕಿಕೊಂಡು ನೋಡು. ಎದುರಾಳಿಯ ಮಿಡ್‌ಫೀಲ್ಡರ್ ಚೆಂಡು ತೆಗೆದುಕೊಂಡು ತನ್ನ ಗೋಲ್ ಕಡೆಗೆ ತಿರುಗಿದ ಅನ್ನು. ಅವನಿಗೆ ಆಗ ಉದ್ದದ ಪಾಸ್ ಕೊಡಲು ಆಗುವುದಿಲ್ಲ. ಆ ಕ್ಷಣವೇ ಬರೇಸಿ ಮುಂದಕ್ಕೆ ಓಡುತ್ತಾನೆ, ಜತೆಗೆ ಡಿಫೆಂಡರ್‌ಗಳ ಇಡೀ ಸಾಲು ಓಡುತ್ತದೆ. ಅದೇ ಮಿಡ್‌ಫೀಲ್ಡರ್ ಯಾರ ಕಾಟವೂ ಇಲ್ಲದೆ ತಲೆ ಎತ್ತಿ ನೋಡಿದ ಅಂದರೆ ಸಾಲು ಹಿಂದಕ್ಕೆ. ಅವನ ಕಣ್ಣು ಸ್ಟ್ರೈಕರ್‌ಗಿಂತ ಜಾಸ್ತಿ ಪಾಸ್ ಕೊಡುವವನ ಮೇಲಿರುತ್ತದೆ. ಬಲಗೈ ಮೇಲೆತ್ತಿ ಆಫ್‌ಸೈಡ್ (ಪಾಸ್ ಹೊರಟ ಕ್ಷಣ ಸ್ಟ್ರೈಕರ್ ಡಿಫೆಂಡರ್ ಸಾಲಿನ ಆಚೆ ಇದ್ದರೆ ಆಗುವ ತಪ್ಪು) ಕೇಳುವ ಫೋಟೊ ನೋಡಿರುತ್ತೀಯ. ಜನಕ್ಕೆ ಕೈ ಮಾತ್ರ ನೆನಪಿದೆ. ಅದಕ್ಕಿಂತ ಒಂದು ಕ್ಷಣ ಮೊದಲು ಮುಂದಿಟ್ಟ ಎರಡು ಹೆಜ್ಜೆಯಲ್ಲೇ ಇರುವುದು ಆಟ.

ಎತ್ತರದ ವಿಷಯ. ಬರೇಸಿ 1.76 ಮೀಟರ್. ಬ್ರೆಶಿಯಾ ಹತ್ತಿರದ ತ್ರಾವಲಿಯಾತೊ ಅನ್ನುವ ಸಣ್ಣ ಊರಿನವನು. ಅಣ್ಣ ಜುಸೆಪ್ಪೆಯನ್ನು ಮಿಲಾನ್ ನಗರದ ಇನ್ನೊಂದು ಕ್ಲಬ್ ಇಂಟರ್ ತೆಗೆದುಕೊಂಡಿತು. ತಮ್ಮ ತೀರಾ ಸಣಕಲ ಅಂತ ಬೇಡ ಅಂದಿತು. ಮಿಲಾನ್ ಕರೆದುಕೊಂಡಿತು. (ಮುಂದೆ ಮಿಲಾನ್ ಡರ್ಬಿಯಲ್ಲಿ ಅಣ್ಣ ಒಂದು ಕಡೆಗೆ ಕ್ಯಾಪ್ಟನ್, ತಮ್ಮ ಇನ್ನೊಂದು ಕಡೆಗೆ. ಇಂಟರ್‌ನವರು ಕೈ ಕೈ ಹಿಸುಕಿಕೊಂಡಿರಬೇಕು.) 1978ರ ಏಪ್ರಿಲ್‌ನಲ್ಲಿ ವೆರೋನಾ ವಿರುದ್ಧ ಮೊದಲ ಪಂದ್ಯ. ಆಗ ಇನ್ನೂ 18 ತುಂಬಿರಲಿಲ್ಲ. ಮರುವರ್ಷ ಲಿಬೆರೊ (ಸಾಲಿನ ಹಿಂದೆ ಸ್ವತಂತ್ರವಾಗಿ ಆಡುವ ಡಿಫೆಂಡರ್) ಜಾಗ ಅವನದೇ ಆಯಿತು, ಮಿಲಾನ್ ಹತ್ತನೇ ಸಲ ಲೀಗ್ ಗೆದ್ದಿತು.

ನನ್ನನ್ನು ಕೇಳಿದರೆ ಅವನ ದೊಡ್ಡತನ ತಿಳಿಯುವುದು ಆಮೇಲಿನ ಕೆಟ್ಟ ಕಾಲದಲ್ಲಿ. 1980ರಲ್ಲಿ ಬೆಟ್ಟಿಂಗ್ ಹಗರಣದಲ್ಲಿ ಸಿಕ್ಕಿಬಿದ್ದ ಮಿಲಾನ್ ಅನ್ನು ಸೆರಿ ಬಿ ಅನ್ನುವ ಎರಡನೇ ದರ್ಜೆಯ ಲೀಗ್‌ಗೆ ತಳ್ಳಿದರು. ಮೇಲೆ ಬಂತು. 1982ರಲ್ಲಿ ಆಟದಲ್ಲೇ ಸೋತು ಮತ್ತೆ ಕೆಳಗೆ ಬಿತ್ತು. ಅದೇ ಬೇಸಿಗೆಯಲ್ಲಿ ಇಟಲಿ ಸ್ಪೇನ್‌ನಲ್ಲಿ ವಿಶ್ವಕಪ್ ಗೆದ್ದಿತು. ಬರೇಸಿ ತಂಡದಲ್ಲಿದ್ದ, ಒಂದು ನಿಮಿಷವೂ ಆಡಲಿಲ್ಲ. ವಿಶ್ವ ಚಾಂಪಿಯನ್ ಅನ್ನಿಸಿಕೊಂಡವನು ಮುಂದಿನ ಸೀಸನ್ ಎರಡನೇ ದರ್ಜೆಯ ಲೀಗ್‌ನಲ್ಲಿ, 22ನೇ ವಯಸ್ಸಿಗೆ ಕ್ಯಾಪ್ಟನ್ ಆಗಿ ಆಡಿದ. ಕ್ಲಬ್ ಬಿಡಲಿಲ್ಲ.

1987ರಲ್ಲಿ ಆರಿಗೊ ಸಾಕಿ ಕೋಚ್ ಆಗಿ ಬಂದರು. ಅವರು ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ. ಪಾರ್ಮಾದಲ್ಲಿ ತಮ್ಮ ಕೈಕೆಳಗೆ ಆಡಿದ್ದ ಸಿನ್ಯೊರಿನಿಯ ವಿಡಿಯೊಗಳನ್ನು ಬರೇಸಿಗೆ ತೋರಿಸಿ, ಸಾಲು ಹೀಗೆ ನಡೆಸು ಅಂದರು. ಅಷ್ಟು ಹೊತ್ತಿಗೆ ಬರೇಸಿ ಇಟಲಿಯ ಆಟಗಾರ! ಆದರೂ ಕಲಿತ. ಸಾಕಿ ಆಮೇಲೆ ಹೇಳಿದ ಒಂದು ಕಥೆಯಿದೆ. ಇದೆಲ್ಲ ನಡೆಯುತ್ತದಾ ಅಂತ ತಂಡದ ಡಚ್ ಆಟಗಾರರಾದ ಗುಲ್ಲಿತ್, ವಾನ್ ಬಾಸ್ಟನ್ ಅನುಮಾನಪಟ್ಟಾಗ ಅವರು ಒಂದು ಪಂಥ ಕಟ್ಟಿದರು. ಒಂದು ಕಡೆ ಗೋಲ್‌ಕೀಪರ್ ಗಲ್ಲಿ ಮತ್ತು ತಸೊತ್ತಿ, ಕೊಸ್ತಾಕುರ್ತಾ, ಬರೇಸಿ, ಮಾಲ್ದಿನಿ. ಎದುರಿಗೆ ಹತ್ತು ಜನ. 15 ನಿಮಿಷ ಟೈಮು. ಒಂದು ಗೋಲೂ ಬೀಳಲಿಲ್ಲ.

ಇನ್ನು ಆ ಪೆನಾಲ್ಟಿ. ಅದನ್ನು ಎತ್ತಿದ್ದೀಯಲ್ಲ, ಪೂರ್ತಿ ಕೇಳು. 1994 ಜೂನ್ 23, ನಾರ್ವೆ ವಿರುದ್ಧ ಬರೇಸಿಯ ಮಂಡಿಯ ಮೆನಿಸ್ಕಸ್ ಹೋಯಿತು. ಆಪರೇಷನ್ ಆಯಿತು. ವಯಸ್ಸು 34. ಎಲ್ಲರೂ ಅವನ ವಿಶ್ವಕಪ್ ಮುಗಿಯಿತು ಅಂದುಕೊಂಡರು. ಜುಲೈ 17ಕ್ಕೆ, ಗಾಯವಾಗಿ 24ನೇ ದಿನ, ಫೈನಲ್‌ಗೆ ಇಳಿದ. ಪಸಡೀನಾದ ನಡುಮಧ್ಯಾಹ್ನದ ಬಿಸಿಲು. ಜತೆಗಾರ ಕೊಸ್ತಾಕುರ್ತಾ ಕಾರ್ಡ್‌ನಿಂದಾಗಿ ಹೊರಗೆ, ಪಕ್ಕದಲ್ಲಿ ಮಾಲ್ದಿನಿ. ಎದುರಿಗೆ ಬ್ರೆಜಿಲ್‌ನ ಸ್ಟ್ರೈಕರ್‌ಗಳು ರೊಮಾರಿಯೊ ಮತ್ತು ಬೆಬೆಟೊ. ಆ ಟೂರ್ನಿಯಲ್ಲಿ ಇಬ್ಬರೂ ಸೇರಿ 8 ಗೋಲು ಹೊಡೆದಿದ್ದರು. 120 ನಿಮಿಷದಲ್ಲಿ ಒಂದೂ ಬೀಳಲಿಲ್ಲ. ಕೊನೆಗೆ ಅವನ ಕಾಲು ಸೆಳೆತ ಬಂದು ಹಿಡಿದುಕೊಂಡಿತ್ತು. ಆ ಕಾಲಿನಲ್ಲೇ ಮೊದಲ ಪೆನಾಲ್ಟಿಗೆ ಹೋದ. ಮೇಲೆ ಹೋಯಿತು. ಅವನನ್ನು ಮೊದಲು ಕಳಿಸಿದ್ದು ಸರಿಯಾ ಅಂತ ಬೇಕಾದರೆ ಜಗಳ ಮಾಡೋಣ. ಆದರೆ ಆ ಒಂದು ಒದೆತ ನೋಡಿ ಆ ಪಂದ್ಯದ ಬರೇಸಿಯನ್ನು ಅಳೆಯುವುದು ನ್ಯಾಯ ಅಲ್ಲ.

ಲೈನ್ಸ್‌ಮನ್ ಭಾಷಾ:

ಹಳೇ ಟೇಪು ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ವಿಷಯ ಬಿಟ್ಟಿದ್ದೀರಿ. 1990ರವರೆಗೆ ಸ್ಟ್ರೈಕರ್ ಡಿಫೆಂಡರ್‌ಗೆ ಸಮಸಮ ನಿಂತರೂ ಆಫ್‌ಸೈಡ್. ಆಮೇಲೆ ಸಮ ಇದ್ದರೆ ಸರಿ ಅಂತ ಆಯಿತು. 1992ರವರೆಗೆ ಡಿಫೆಂಡರ್ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಹುದಿತ್ತು. ನಿಯಮ ಡಿಫೆಂಡರ್ ಪರ ಇತ್ತು. ಅದರ ಮೇಲೆ ಬರೇಸಿ ಕೈ ಎತ್ತಿದರೆ ಲೈನ್ಸ್‌ಮನ್ ಬಾವುಟ ತಾನಾಗೇ ಏಳುತ್ತಿತ್ತು. ಈಗ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇದೆ. ಆ ಆಟ ಈಗ ನಡೆಯಲ್ಲ.

ಹಳೇ ಟೇಪು:

ಎರಡು ನಿಯಮದ ಮಾತೂ ನಿಜ. 1989, 1990ರ ಯುರೋಪಿಯನ್ ಕಪ್‌ಗಳಿಗೆ ನಿಮ್ಮ ವಾದ ಒಪ್ಪುತ್ತೇನೆ. ಆದರೆ 1993-94ರ ಸೀಸನ್ ನೋಡಿ. ಎರಡೂ ನಿಯಮ ಬದಲಾದ ಮೇಲಿನದು. ಕೋಚ್ ಸಾಕಿ ಹೋಗಿ ಕಪೆಲ್ಲೊ ಬಂದಿದ್ದರು. ಮಿಲಾನ್ ಲೀಗ್‌ನ 34 ಪಂದ್ಯದಲ್ಲಿ ಹೊಡೆದದ್ದು ಬರೀ 36 ಗೋಲು. ಇಷ್ಟು ಕಮ್ಮಿ ಗೋಲು ಹೊಡೆದು ಲೀಗ್ ಗೆದ್ದದ್ದು ಹೇಗೆ? ಬಿಟ್ಟುಕೊಟ್ಟದ್ದು 15. ಇದನ್ನು ಯಾವ ಲೈನ್ಸ್‌ಮನ್ ಲೆಕ್ಕಕ್ಕೆ ಬರೆಯುತ್ತೀರಿ?

ವಿಎಆರ್ ಬಗ್ಗೆ: ಬಾವುಟ ಏಳದಿದ್ದರೂ ಗೆರೆ ಎಳೆದು ನೋಡುವ ಕಾಲ ಇದು. ಸರಿಯಾಗಿ ಮುಂದೆ ಬಂದ ಡಿಫೆಂಡರ್‌ಗೆ ಇದರಿಂದ ಲಾಭವೇ ಜಾಸ್ತಿ.

ಲೈನ್ಸ್‌ಮನ್ ಭಾಷಾ:

15ರ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ 😄 ಆದರೆ ಅದೇ ಸೀಸನ್ ಅಥೆನ್ಸ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾವನ್ನು 4-0 ಸೋಲಿಸಿದಾಗ ಬರೇಸಿಯೂ ಇರಲಿಲ್ಲ, ಕೊಸ್ತಾಕುರ್ತಾನೂ ಇರಲಿಲ್ಲ. ಇಬ್ಬರೂ ಸಸ್ಪೆಂಡ್. ಇದಕ್ಕೇನಂತೀರಿ?

ಹಳೇ ಟೇಪು:

ಗಲ್ಲಿ ಅಂತ ಇನ್ನೊಬ್ಬ, ಫಿಲಿಪ್ಪೊ, ಆವತ್ತು ಮಾಲ್ದಿನಿ ಜತೆ ಅದ್ಭುತವಾಗಿ ಆಡಿದ. ವರ್ಷಗಟ್ಟಲೆ ಬರೇಸಿ ಪಕ್ಕದಲ್ಲಿ ಅಭ್ಯಾಸ ಮಾಡಿದವರು ಅವರಿಬ್ಬರೂ. ನೀವು ನನ್ನ ಪರವೇ ವಾದ ಮಾಡುತ್ತಿದ್ದೀರಿ.

ಕುಳ್ಳ ಸ್ಟಾಪರ್:

ಎಲ್ಲರಿಗೂ ಥ್ಯಾಂಕ್ಸ್. ಪೂರ್ತಿ ಪಂದ್ಯ ನೋಡುತ್ತೇನೆ. ಯಾವುದರಿಂದ ಶುರು ಮಾಡಲಿ? 1989ರ ಯುರೋಪಿಯನ್ ಕಪ್ ಫೈನಲ್ ಅಂತ ಎಲ್ಲ ಕಡೆ ಬರೆದಿದ್ದಾರೆ. ಇನ್ನೊಂದು, ಕಾರ್ನರ್ ಬಂದಾಗ ಎತ್ತರ ಬೇಕೇ ಬೇಕಲ್ಲ?

ಹಳೇ ಟೇಪು:

1989 ಬೇಡ. ರೊಮೇನಿಯಾದ ಕ್ಲಬ್ ಸ್ಟೆಯಾವಾ ವಿರುದ್ಧ 4-0, ಗುಲ್ಲಿತ್ ಎರಡು, ವಾನ್ ಬಾಸ್ಟನ್ ಎರಡು. ನೋಡಲು ಹಬ್ಬ, ಆದರೆ ಸ್ಟಾಪರ್ ಕಲಿಯಲು ಅಲ್ಲಿ ಕಮ್ಮಿ. ಜನ ಬೋರ್ ಅಂತ ಬೈಯುವ 1994ರ ವಿಶ್ವಕಪ್ ಫೈನಲ್ ಹಾಕು. ಕಾಮೆಂಟರಿ ಮ್ಯೂಟ್ ಮಾಡು. ಬ್ರೆಜಿಲ್‌ನ ಡುಂಗಾ ಕಾಲಿಗೆ ಚೆಂಡು ಹೋದಾಗಲೆಲ್ಲ ಬರೇಸಿ ಎಲ್ಲಿದ್ದಾನೆ ಅಂತ ಮಾತ್ರ ನೋಡು.

ಕಾರ್ನರ್‌ಗೆ ಎತ್ತರದವನು ಒಬ್ಬ ತಂಡದಲ್ಲಿರಲಿ ಸಾಕು, ಅವನು ನೀನೇ ಆಗಬೇಕಿಲ್ಲ. ಕೋಚ್ ಹತ್ತಿರ ವಾದಕ್ಕೆ ಇಳಿಯಬೇಡ. ಒಂದು ಪ್ರಾಕ್ಟೀಸ್ ಪಂದ್ಯದಲ್ಲಿ ಸಾಲು ನಡೆಸಲು ಬಿಡಿ ಅಂತ ಕೇಳು. ಬಾಯಿ ಮಾತ್ರ ಜೋರಿರಲಿ, ಪಕ್ಕದವರಿಗೆ ಕೂಗಿ ಹೇಳದೆ ಈ ಆಟ ಆಗುವುದಿಲ್ಲ.

ಸಾನ್ ಸಿರೊ ಮೂಲೆ:

ಸೈಡ್ ಬ್ಯಾಕ್‌ಗೆ ಕಳಿಸಿದರೂ ಬೇಜಾರು ಮಾಡಿಕೊಳ್ಳಬೇಡ ಗುರು. ಮಾಲ್ದಿನಿ ಬಹಳ ವರ್ಷ ಆಡಿದ್ದೂ ಅಲ್ಲೇ.